ಟೀಚರಕ್ಕನ ಓಡುವ ಫೋಟೋ

ಕ್ಯಾಮೆರಾ ಬ್ಯಾಗಿನ ಪಕ್ಕದ ಜೇಬಿನ ಜಿಪ್ ಎಳೆದರೆ ಈಗಲೂ ನೀಲಗಿರಿ ಎಣ್ಣೆಯ ವಾಸನೆ ಬರುತ್ತದೆ. ಊಟಿಯಲ್ಲಿ ಆ ವಾಸನೆ ಯಾವ ಮೂಲೆಯಲ್ಲಿಲ್ಲ ಹೇಳಿ. ಅಂಗಡಿ ಸಾಲಿನಲ್ಲಿ ಪ್ರವಾಸಿಗರ ಮೂಗಿಗೇ ಹಿಡಿದು ಮಾರುತ್ತಾರೆ. ಆದರೆ ಈ ಜೇಬಿನದು ಬೇರೆ. ಓಟಕ್ಕೆ ಮುಂಚೆ ಮೊಣಕಾಲಿಗೆ ಉಜ್ಜಿಕೊಂಡು, ಮುಚ್ಚಳವನ್ನೂ ಸರಿಯಾಗಿ ತಿರುಗಿಸದೆ ಟೀಚರಕ್ಕ ತುರುಕಿದ ಸೀಸೆ ಸೋರಿ ಆದದ್ದು ಅದು. ಲೆನ್ಸಿಗೆ ತಗುಲಿದ್ದರೆ ಏನು ಗತಿ ಅಂತ ಆವತ್ತು ಚೆನ್ನಾಗಿ ಬೈದಿದ್ದೆ. ಈಗ ಯಾರಾದರೂ ಆ ಬ್ಯಾಗನ್ನು ಒಗೆದು ಒಣಗಿಸೋಣ ಅಂದರೆ ಅವರ ಮೇಲೆ ಹರಿಹಾಯುತ್ತೇನೆ.

ನಮ್ಮದು ಊಟಿ ಮಾರ್ಕೆಟ್ ಹತ್ತಿರದ ಸಣ್ಣ ಸ್ಟುಡಿಯೋ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆ ಬೆಟ್ಟ ಹತ್ತಿದವರು. ಈ ಚಳಿಯಲ್ಲಿ ಕೋಸಿನ ಮೂಟೆ ಹೊರಲಾರೆ ಅಂತ ಅಪ್ಪ ಕ್ಯಾಮೆರಾ ಹಿಡಿದರು. ಅಪ್ಪನ ನಂತರ ನಾನು ಹಿಡಿದೆ. ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ಟೀಚರಕ್ಕ, ಇತ್ತಲಾರ್ ಕಡೆಯ ಒಂದು ಶಾಲೆಯ ಪಿ.ಟಿ. ಟೀಚರ್. ಈ ಬೆಟ್ಟದ ಬಡಗರ ಹಟ್ಟಿಯ ಹುಡುಗಿ. ತಂದೆ ಬೇಗ ತೀರಿಕೊಂಡಿದ್ದರಿಂದ ದೊಡ್ಡಪ್ಪನ ಮಡಿಲಲ್ಲಿ ಬೆಳೆದವಳು. ಹಟ್ಟಿಯವರು ಬಂದರೆ ಬಡಗ ಮಾತು, ಬಸ್ಸಿನವರ ಹತ್ತಿರ ತಮಿಳು, ನಮ್ಮ ಹತ್ತಿರ ನಮ್ಮದೇ ಕನ್ನಡ. ಬೆಳಗಿನ ಬಸ್ಸಿಗೆ ಹೊರಟಳೆಂದರೆ ಮರದ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುವಳು. ಕೆಳಗೆ ಪಾಸ್‌ಪೋರ್ಟ್ ಫೋಟೋಗೆ ಕೂತವರು ಬೆಚ್ಚಿಬಿದ್ದು ಕಣ್ಣು ಮುಚ್ಚಿಬಿಡುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಅಮ್ಮ ಗೊಣಗುತ್ತಿದ್ದಳು, ಮತ್ತೆ ಅವಳಿಗೇ ಮೊದಲ ಕಾಫಿ ಕೊಡುತ್ತಿದ್ದಳು.

ಕಾಲೇಜಿನ ದಿನಗಳಲ್ಲಿ ಅವಳು ಜಿಲ್ಲೆಗೇ ಹೆಸರಾದ ಓಟಗಾರ್ತಿ. ಫೋಟೋಗಳಿಗೇನೂ ಬರವಿರಲಿಲ್ಲ. ಗೆದ್ದ ಕಪ್ ಹಿಡಿದು ನಿಂತದ್ದು, ಮಾಲೆ ಹಾಕಿಸಿಕೊಂಡು ನಿಂತದ್ದು, ಯಾರೋ ದೊಡ್ಡವರ ಪಕ್ಕ ನೆಟ್ಟಗೆ ನಿಂತದ್ದು... ಒಂದಂತೂ ನಮ್ಮಪ್ಪನೇ ತೆಗೆದದ್ದು. ಊಟಿ ಕೆರೆ ಬರೆದ ಪರದೆಯ ಮುಂದೆ, ಒಂದು ಕಾಲು ಮುಂದಿಟ್ಟು, ಮುಷ್ಟಿ ಬಿಗಿದು, "ಓಡುವ ಹಾಗೆ" ನಿಂತಿದ್ದಾಳೆ. ಬಸ್ಸು ತಪ್ಪಿಸಿಕೊಂಡವಳ ಹಾಗೆ ಕಾಣುತ್ತಾಳೆ.

"ನಿಮ್ಮಪ್ಪ ನನ್ನ ಗೋಡೆಗೆ ಮೊಳೆ ಹೊಡೆದಂಗೆ ನಿಲ್ಲಿಸಿಬಿಟ್ರು ಕಣಮ್ಮ," ಅನ್ನುತ್ತಿದ್ದಳು. "ಇಷ್ಟು ಓಡಿದೀನಿ, ಓಡೋ ಫೋಟೋ ಒಂದೂ ಇಲ್ಲ. ಓಡುವಾಗ ನನ್ನ ಮುಖ ಹೆಂಗಿರುತ್ತೆ ಅಂತ ನಂಗೇ ಗೊತ್ತಿಲ್ಲ."

ನಗುತ್ತಲೇ ಹೇಳುತ್ತಿದ್ದಳು. ಆದರೆ ಸಂಜೆ ಸ್ಟುಡಿಯೋದಲ್ಲಿ ಕೂತು ನನ್ನ ಕಂಪ್ಯೂಟರಿನಲ್ಲಿ ಯಾವುದೋ ದೇಶದ ಓಟಗಾರ್ತಿಯರ ಫೋಟೋ ನೋಡುವಾಗ ಆ ನಗು ಇರುತ್ತಿರಲಿಲ್ಲ. ಕೆನ್ನೆ ಅದುರಿದ, ಕಣ್ಣು ಎಲ್ಲೋ ನೆಟ್ಟ, ಹಲ್ಲು ಕಚ್ಚಿದ ಮುಖಗಳು. ಒಂದೊಂದನ್ನೂ ದೇವರ ಪಟದ ಹಾಗೆ ನೋಡುವಳು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಇನ್ನೆಷ್ಟು ದಿನ ಹೀಗೆ ಓಡಿಯೇನು ಅನ್ನುವ ಆತುರ ಅವಳ ಮಾತಿನಲ್ಲಿ ಇಣುಕುತ್ತಿತ್ತು.

ನನ್ನ ಬಳಿ ಆಗ ಇದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ನಿಂತವರಿಗೆ ಮಾತ್ರ. ಬಟನ್ ಒತ್ತಿದರೆ ಅದು ಯೋಚನೆ ಮಾಡಿ, ಆಮೇಲೆ ತೆಗೆಯುತ್ತಿತ್ತು. ಅಷ್ಟರಲ್ಲಿ ಓಡುವವಳು ಚೌಕಟ್ಟಿನಾಚೆ. ಮದುವೆ ಕೆಲಸಕ್ಕೆ ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಒಂದು ಡಿಜಿಟಲ್ ಎಸ್‌ಎಲ್‌ಆರ್ ಬೇಕೆಂದು ನಾನೂ ಹೇಳಿಕೊಂಡು ತಿರುಗುತ್ತಿದ್ದೆ. ಟೀಚರಕ್ಕ ಆ ಮಾತನ್ನು ಹಿಡಿದುಕೊಂಡಳು. ಮದುವೆಯವರು ಎಲ್ಲಿ ಓಡಿಹೋಗುತ್ತಾರೆ, ಓಡುವವರನ್ನು ಹಿಡಿಯುವ ಕ್ಯಾಮೆರಾ ತಗೊ, ನಿಂತವರು ತಾವಾಗಿ ಸಿಗುತ್ತಾರೆ ಅಂತ ವಾದ. ಒಂದು ರಜೆ ದಿನ ನನ್ನನ್ನು ಹೊರಡಿಸಿಯೇಬಿಟ್ಟಳು. ಗೂಡಲೂರು, ತೆಪ್ಪಕಾಡು ದಾಟಿ ಮೈಸೂರು ಬಸ್ಸು. ತೆಪ್ಪಕಾಡಿನ ಸೇತುವೆ ಹತ್ತಿರ ಆನೆ ನೋಡಲು ಬಸ್ಸಿನವರೆಲ್ಲ ಕಿಟಕಿಗೆ ಬಿದ್ದರೆ ಇವಳು ಬೆರಳು ಮಡಚುತ್ತಾ ಅಂಗಡಿಯಲ್ಲಿ ಕೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಳು.

ಅಂಗಡಿಯವನು ಮೆಗಾಪಿಕ್ಸೆಲ್ ಅಂತ ಶುರು ಮಾಡಿದ. ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು ಮೇಡಂ ಅಂದ. ಗೋಡೆಯಷ್ಟು ದೊಡ್ಡದಾಗಿ ಮಸುಕು ಮುಖ ಹಾಕಿಕೊಂಡು ಏನು ಮಾಡೋಣ ಅಂತ ಇವಳು. ಒಂದೇ ಸಮನೆ ಎಷ್ಟು ಬೇಗ ಬೇಗ ತೆಗೆಯುತ್ತದೆ, ಎದುರಿಗೆ ಓಡಿ ಬರುವವರ ಮೇಲೆ ಫೋಕಸ್ ಅಂಟಿಕೊಂಡೇ ಇರುತ್ತದಾ, ಮಂಜು ಕವಿದರೆ ಏನು ಮಾಡುತ್ತದೆ ಅಂತ ಒಂದೊಂದಾಗಿ ಕೇಳಿದಳು. ಮಂಜಿನ ಮಾತಿಗೆ ಅವನು ತಿರುಗಿ ಮೆಗಾಪಿಕ್ಸೆಲ್ಲಿಗೇ ಹೋದ. ಮೈಸೂರಿನವನಿಗೆ ಏನು ಗೊತ್ತು ಪಾಪ, ನಮ್ಮಲ್ಲಿ ಮಧ್ಯಾಹ್ನ ಕಳೆದರೆ ಗೋಲು ಕಂಬವೇ ಕಾಣಿಸುವುದಿಲ್ಲ.

"ಮಾತಲ್ಲಿ ಬೇಡ, ನಾನೇ ಓಡ್ತೀನಿ, ತೆಗೆದು ನೋಡು," ಅಂದವಳೇ ಚಪ್ಪಲಿ ಬಿಚ್ಚಿ ಅಂಗಡಿಯ ಮೆಟ್ಟಿಲ ಮೇಲೆ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಆ ಅಡ್ಡರಸ್ತೆಯ ತುದಿಯಿಂದ ನನ್ನ ಕಡೆಗೆ ಓಡಿಬಂದಳು. ಆಟೋದವನೊಬ್ಬ ಕಳ್ಳ ಯಾರು ಅಂತ ಹಿಂದೆ ಮುಂದೆ ನೋಡಿದ. ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಓಟ. ಕೈಲಿದ್ದ ದುಡ್ಡಿಗೆ ಕ್ಯಾಮೆರಾದ ಬಾಡಿ ಬಹಳ ಚುರುಕಾದದ್ದು ತೆಗೆದುಕೊಂಡರೆ ಸಾಧಾರಣ ಲೆನ್ಸಿಗೇ ತೃಪ್ತಿಪಡಬೇಕಿತ್ತು. ಅಂಥ ಲೆನ್ಸು ಮೈಸೂರಿನ ಬಿಸಿಲಿಗೆ ಸರಿ, ನಮ್ಮ ಬೆಟ್ಟದ ಮಬ್ಬಿಗೆ ಸಾಲದು. ಓಟ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ಕ್ಯಾಮೆರಾದ ಬಾಗಿಲು ತೆರೆಯುವುದು, ಅಷ್ಟರಲ್ಲಿ ಬೆಳಕು ಒಳಗೆ ಬರಬೇಕು. ಹಾಗಾಗಿ ಬಾಡಿ ನಡುಮಟ್ಟದ್ದು, ಲೆನ್ಸು ಮಾತ್ರ ಅಗಲ ಬಾಯಿಯ, ತೋಳಿನಷ್ಟು ದಪ್ಪದ್ದು, ಬಳಸಿದ್ದಾದರೂ ಸರಿ ಅಂತ ತೀರ್ಮಾನಿಸಿದೆವು. ಮೂಗಿಗಿಂತ ಮೂಗುತಿ ಭಾರವಾಯಿತು ಅಂತ ಅಮ್ಮ ಮನೆಯಲ್ಲಿ ಅಂದಳು. ಅಂಗಡಿಯ ಕ್ಯಾಮೆರಾಗಳಲ್ಲಿ ತೆಗೆದ ಆ ಓಟಗಳನ್ನು ಅಂಗಡಿಯವನು ಆಗಲೇ ಅಳಿಸಿಹಾಕಿದ್ದ. ಟೀಚರಕ್ಕನಿಗೆ ಅದೇನೂ ಬೇಸರವಾಗಲಿಲ್ಲ. ಸೀರೆಯಲ್ಲಿ ಓಡಿದ್ದು ಲೆಕ್ಕವಲ್ಲ, ಟ್ರ್ಯಾಕಿನ ಮೇಲೆ ಓಡುವಾಗ ತೆಗಿ ಅಂದಳು.

ಶಾಲೆಯ ಆಟೋಟದ ದಿನ ಟೀಚರುಗಳಿಗೂ ಒಂದು ಓಟವಿತ್ತು. ಬಹುಮಾನ ಕೊಡಲು ಕರೆಸಿದ್ದು ಬೇರೆ ಯಾರನ್ನೂ ಅಲ್ಲ, ಅವಳ ದೊಡ್ಡಪ್ಪನನ್ನೇ. ಬಿಳಿ ಪಂಚೆ, ಬಿಳಿ ಶಾಲು, ತಲೆಗೆ ಬಿಳಿ ಮುಂಡಾಸು, ಓಟ ಮುಗಿಯುವ ಗೆರೆಯ ಪಕ್ಕದಲ್ಲೇ ಕುರ್ಚಿ. ನಾನು ಗೆರೆಯಿಂದಾಚೆ ಮಣ್ಣಿನ ಮೇಲೆ ಮಂಡಿಯೂರಿ ಕೂತಿದ್ದೆ. ಮಂಜು ಮೈದಾನದ ಆಚೆ ತುದಿಗೆ ಬಂದಿತ್ತಾದರೂ ಇನ್ನೂ ಒಳಗೆ ಇಳಿದಿರಲಿಲ್ಲ. ಸೀಟಿ ಊದಿದರು. ಅರ್ಧ ದಾರಿಗೆ ಟೀಚರಕ್ಕ ಎಲ್ಲರಿಗಿಂತ ಮುಂದಿದ್ದಳು. ಫೋಕಸ್ ಅವಳ ಮೇಲೆ ಕೂತಿತು, ನಾನು ಬಟನ್ ಒತ್ತಿ ಹಿಡಿದೆ.

ಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ನಮಗೆ ಕಾಣುವುದೆಲ್ಲ ಅದರಿಂದ. ಚಿತ್ರ ಬೀಳುವ ಹೊತ್ತಿಗೆ ಆ ಕನ್ನಡಿ ಮೇಲೇಳುತ್ತದೆ, ನಮ್ಮ ಕಣ್ಣಿಗೆ ಕತ್ತಲೆ. ಕ್ಯಾಮೆರಾ ಕಂಡದ್ದನ್ನು ತೆಗೆದವಳು ಕಂಡಿರುವುದಿಲ್ಲ. ಆವತ್ತು ಆ ಕತ್ತಲೆ ಬೆಳಕಿನ ನಡುವೆ ನನಗೆ ಕಂಡದ್ದಿಷ್ಟೇ. ದೊಡ್ಡಪ್ಪ ಹಿಗ್ಗಿನಿಂದ ಕುರ್ಚಿ ಬಿಟ್ಟೆದ್ದು ಗೆರೆಯ ಹತ್ತಿರ ಬಂದರು, ಟೀಚರಕ್ಕನ ತಲೆ ತಟ್ಟನೆ ಕೆಳಗೆ ಹೋಯಿತು.

ಅವರ ಹಟ್ಟಿಗಳಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಿ ನಿಲ್ಲಬೇಕು. ಹಿರಿಯರು ಅಂಗೈ ತಲೆಯ ಮೇಲಿಟ್ಟು ಹರಸುತ್ತಾರೆ. ಒಂದು ಸಾವಿರವಾಗಲಿ, ಬಾಳು ಹಸನಾಗಲಿ, ನೂರು ಕಾಲ ಬದುಕು ಅಂತ. ಬಸ್ಸಿನಲ್ಲಿ, ಸಂತೆಯಲ್ಲಿ, ಟೀ ಫ್ಯಾಕ್ಟರಿಯ ಬಾಗಿಲಲ್ಲಿ, ಎಲ್ಲಿ ಕಂಡರೂ ಅದೇ. ಆದರೆ ಓಟದ ಕೊನೆಯ ಹೆಜ್ಜೆಗಳಲ್ಲಿ ಕ್ಯಾಪು ಕಿತ್ತು ಕೈಯಲ್ಲಿ ಹಿಡಿದು, ಓಡುತ್ತಲೇ ತಲೆ ಬಾಗಿಸಿದವಳು ಇವಳೊಬ್ಬಳೇ ಇರಬೇಕು. ಲೆಕ್ಕದ ಟೀಚರ್ ಪಕ್ಕದಿಂದ ಬಂದು ಗೆದ್ದುಕೊಂಡು ಹೋದಳು.

ಏದುಸಿರು ಬಿಡುತ್ತಾ ಬಂದು ಕ್ಯಾಮೆರಾದ ಬೆನ್ನ ಮೇಲಿನ ಪರದೆ ನೋಡಿದಳು. ಎರಡೂ ಕಾಲು ನೆಲ ಬಿಟ್ಟಿವೆ, ಮಣ್ಣಿನ ಕಣ ಕೂಡ ಸ್ಪಷ್ಟ. ತಲೆಯ ಬೈತಲೆ ಕಾಣುತ್ತದೆ. ಮುಖವಿಲ್ಲ.

"ಮುಖ ಎಲ್ಲೇ?" ಅಂತ ಕೇಳಿ ನೆಲಕ್ಕೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾನೇನು ಮಾಡ್ಲಿ, ಕತ್ತು ನನ್ನ ಮಾತೇ ಕೇಳ್ಲಿಲ್ಲ. ಬರೋ ವರ್ಷ ದೊಡ್ಡಪ್ಪನ್ನ ಮನೇಲೇ ಕೂರಿಸಿ ಬರ್ತೀನಿ ಬಿಡು."

ಬರೋ ವರ್ಷದ ಆಟೋಟಕ್ಕೆ ಅವಳಿರಲಿಲ್ಲ. ಮಳೆಗಾಲದಲ್ಲಿ ಹತ್ತಿದ ಜ್ವರ ಬಿಡಲಿಲ್ಲ. ರಕ್ತದಲ್ಲಿ ಏನೋ ಕಾಯಿಲೆ ಅಂದರು, ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು... ಮೆಟ್ಟಿಲಿಳಿಯುವಾಗ ಇಬ್ಬರು ಹಿಡಿದುಕೊಂಡಿದ್ದರು. ಅವಳು ಆ ಮೆಟ್ಟಿಲನ್ನು ಒಂದೊಂದಾಗಿ ಇಳಿದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ನಮ್ಮ ಕಡೆ ಸತ್ತವರ ಫೋಟೋ ಹಾಕಿ ಪೋಸ್ಟರ್ ಅಂಟಿಸುತ್ತಾರಲ್ಲ, ಅದಕ್ಕೆ ಹಟ್ಟಿಯ ಹುಡುಗರು ಫೋಟೋ ಕೇಳಲು ನನ್ನ ಹತ್ತಿರವೇ ಬಂದರು. ಓಡುವ ಫೋಟೋ ತೋರಿಸಿದೆ. ಮುಖ ಬೇಕಲ್ಲಕ್ಕ ಅಂದರು. ಅವರು ಹೇಳಿದ್ದೂ ಸರಿಯೇ. ಗುರುತಿನ ಚೀಟಿಗೆ ತೆಗೆದಿದ್ದ ಪಾಸ್‌ಪೋರ್ಟ್ ಫೋಟೋ ಕೊಟ್ಟೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅವಳು ನೆಟ್ಟಗೆ ಕೂತಿದ್ದಳು. ನನಗೆ ಆ ಕಡೆ ನೋಡಲಾಗದೆ ಮಾರ್ಕೆಟ್ ಸುತ್ತಿ ಮನೆಗೆ ಹೋಗುತ್ತಿದ್ದೆ.

ಇದೆಲ್ಲ ಆಗಿ ವರ್ಷಗಳಾದವು. ಹೋದ ತಿಂಗಳು ದೊಡ್ಡಪ್ಪ ಸ್ಟುಡಿಯೋಗೆ ಬಂದರು. ಬಹಳ ಇಳಿದುಹೋಗಿದ್ದಾರೆ. ಬೆಂಚಿನ ಮೇಲೆ ಕೂತು, ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದರು.

"ಎನ್ನ ಕೈ ಅವಳ ಮಂಡೆಗೆ ಮುಟ್ಟಿತಾ, ಕೂಸೇ? ಓಡ್ತಾ ಇದ್ದಳಲ್ಲ. ನೀ ಅಲ್ಲೇ ಇದ್ದೆ."

ಇಷ್ಟು ವರ್ಷವೂ ಈ ಮುದುಕರು ಇದನ್ನೇ ಹೊತ್ತುಕೊಂಡಿದ್ದರು. ಹರಕೆ ಬಾಯಿಂದ ಹೊರಟಿತ್ತು, ಕೈ ತಲೆಗೆ ತಲುಪಿರಲಿಲ್ಲವೇನೋ, ಅದಕ್ಕೇ ಹುಡುಗಿ ಉಳಿಯಲಿಲ್ಲವೇನೋ ಅಂತ. ನಾನು ಕಂಡಿಲ್ಲ ಅಂತ ಹೇಗೆ ಹೇಳಲಿ. ಕಂಪ್ಯೂಟರಿನಲ್ಲಿ ಆ ಫೋಟೋಗಳನ್ನು ತೆಗೆದೆ. ಒಂದರಲ್ಲಿ ಬಾಗಿದ ತಲೆ, ಅದರ ಮೇಲೆ ಚಾಚಿದ ಅಂಗೈ, ನಡುವೆ ಒಂದಿಷ್ಟು ಗಾಳಿ. ಮುಂದಿನದರಲ್ಲಿ ತಲೆ ಆಗಲೇ ದಾಟಿ ಹೋಗಿದೆ, ಅಂಗೈ ಬರಿದಾಗಿ ನಿಂತಿದೆ. ನಡುವೆ ಆದದ್ದು ಕ್ಯಾಮೆರಾಕ್ಕೂ ಗೊತ್ತಿಲ್ಲ. ಆದರೆ ಎರಡನೆಯದರಲ್ಲಿ ನೆತ್ತಿಯ ಮೇಲೆ ಒಂದೆಳೆ ಕೂದಲು ಎದ್ದು ನಿಂತಿತ್ತು. ಓಡುವವಳ ಕೂದಲು ಗಾಳಿಗೂ ಏಳುತ್ತದೆ, ನನಗೆ ಗೊತ್ತಿಲ್ಲವೇ. ಆದರೂ ಅದರ ಮೇಲೆ ಬೆರಳಿಟ್ಟೆ.

"ಮುಟ್ಟಿತು ದೊಡ್ಡಪ್ಪ. ನೋಡಿ, ಕೂದಲು ಕೆದರಿದೆ."

ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಮುಖವನ್ನು ಪರದೆಯ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದರು.

"ಮುಟ್ಟಿದ ಮೇಲೂ ಏಕೆ ಹೋದಳು?"

ಅವರ ಪಕ್ಕ ಬೆಂಚಿನ ಮೇಲೆ ಕೂತೆ. ಇಬ್ಬರೂ ಅತ್ತೆವು. ಬಸ್ಸಿನ ಹೊತ್ತಾದಾಗ ಎದ್ದು ಹೊರಟವರು ಬಾಗಿಲಲ್ಲಿ ನಿಂತರು. ಯಾಕೆಂದು ನನಗೆ ಅರ್ಥವಾಯಿತು. ನಾನು ಅವರ ಜಾತಿಯವಳಲ್ಲ, ಹಟ್ಟಿಯವಳಲ್ಲ, ಆದರೂ ತಲೆ ಬಾಗಿಸಿದೆ. ಅವರ ಕೈ ಮೇಲೆದ್ದದ್ದು ನನಗೆ ನೆರಳಲ್ಲಿ ಕಂಡಿತು. ತಲೆಯ ಮೇಲೆ ಇಳಿಯಲಿಲ್ಲ. ಮುಟ್ಟಿದರೂ ಉಳಿಸದ ಕೈ ಅಂದುಕೊಂಡರೋ ಏನೋ, ಹಾಗೇ ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

ಈಗ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದಿವೆ, ಕಣ್ಣಿಗೆ ಕತ್ತಲೆ ಕವಿಯುವುದಿಲ್ಲವಂತೆ. ಆಟೋಟಕ್ಕೆ ಯಾವುದು ತಗೊಳ್ಳಲಿ ಅಂತ ಹುಡುಗಿಯರು ಬಂದು ಕೇಳುತ್ತಾರೆ, ಗೊತ್ತಿದ್ದದ್ದು ಹೇಳಿ ಕಳಿಸುತ್ತೇನೆ. ಜಿಲ್ಲೆಯ ಶಾಲೆಗಳ ಆಟೋಟಕ್ಕೆಲ್ಲ ಈಗ ನಾನೇ ಹೋಗುವುದು. ಟೀಚರುಗಳ ಓಟ ಶುರುವಾದಾಗ, ಮಂಜಿನೊಳಗಿಂದ ಬರುವವರಲ್ಲಿ ಒಬ್ಬಳು ತಲೆಯೆತ್ತಿ ನನ್ನ ಕಡೆ ಬಂದಾಳು ಅಂತ ಬಟನ್ ಮೇಲೆ ಬೆರಳಿಟ್ಟು ಕಾಯುತ್ತೇನೆ. ಟೀಚರಕ್ಕನ ನಿಂತ ಮುಖಗಳು ನನ್ನ ಹತ್ತಿರ ಬೇಕಾದಷ್ಟಿವೆ. ನನಗೆ ಬೇಕಾದದ್ದು ಅವಲ್ಲ.