ಬುಸ್ಸೆನ್ನದ ಶರಬತ್ತು ಪುಡಿ

ಕಳೆದ ಬೇಸಿಗೆಯ ಮಾತು. ಗಾಂಧಿ ಬಜಾರಿನ ಅಂಗಡಿಯವರು ನನ್ನ ಎದುರಿಗೇ ಪೊಟ್ಟಣ ಒಡೆದು, ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿದರು. ಪುಡಿ ತೆಪ್ಪಗೆ ತಳಕ್ಕೆ ಹೋಗಿ ಕೂತಿತು. ಬುಸ್ಸೆನ್ನಲಿಲ್ಲ, ನೊರೆ ಏಳಲಿಲ್ಲ.

"ನೋಡಿ ಮೇಡಂ, ಗಿರಾಕಿಗಳು ವಾಪಸ್ ತಂದು ಕೊಡ್ತಿದಾರೆ. ಇನ್ನೊಂದ್ಸಲ ಮಾಡ್ಕೊಂಡ್ ಬನ್ನಿ. ಅದೂ ಹೀಗೇ ಆದ್ರೆ ಮತ್ತೆ ತರ್ಬೇಡಿ" ಎಂದರು.

ಶಾಲೆಯ ಕೆಲಸ ಬಿಟ್ಟ ಮೇಲೆ ನನ್ನದು ಅಂತ ನಾನು ಶುರು ಮಾಡಿದ್ದು ಈ ಶರಬತ್ತು ಪುಡಿಯೊಂದೇ. ಅದೂ ಕೈತಪ್ಪಿದರೆ ಮನೆಯಲ್ಲಿ ಕೂತು ಟಿವಿ ನೋಡಬೇಕು ಅಷ್ಟೆ. ಆಟೋದಲ್ಲಿ ಚಾಮರಾಜಪೇಟೆಗೆ ವಾಪಸ್ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇದರಲ್ಲಿ ಯಾರದೋ ಕೈವಾಡವಿದೆ ಅನ್ನಿಸಿತು.

ಅನುಮಾನ ನನಗೆ ಹುಟ್ಟುಗುಣ. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸದೆ ಕೊಳ್ಳುವವಳಲ್ಲ ನಾನು. ಹಾಗಾಗಿ ನನ್ನ ಅನುಮಾನಕ್ಕೆ ಮೊದಲು ಸಿಕ್ಕಿದವನು ನಗರ್ತಪೇಟೆಯ ಸಗಟು ವ್ಯಾಪಾರಿ. ಸಿಟ್ರಿಕ್ ಆಸಿಡ್ಡನ್ನೂ ಸೋಡವನ್ನೂ ತಂದದ್ದು ಅವನಲ್ಲೇ. ಬಿಳೀ ಪುಡಿಯಲ್ಲಿ ಏನು ಬೆರೆಸಿದರೂ ಯಾರಿಗೆ ಗೊತ್ತಾಗುತ್ತದೆ?

ಈ ಶರಬತ್ತಿನಲ್ಲಿ ಅಂಥ ದೊಡ್ಡ ಗುಟ್ಟೇನಿಲ್ಲ. ಸಕ್ಕರೆ ಪುಡಿ, ನಿಂಬೆಹಣ್ಣಿನಲ್ಲಿರುವ ಹುಳಿಯೇ ಹರಳಾದ ಸಿಟ್ರಿಕ್ ಆಸಿಡ್, ಬೋಂಡಕ್ಕೆ ಹಾಕುವ ಅಡುಗೆ ಸೋಡ. ಒಣಗಿರುವವರೆಗೂ ಹುಳಿಯೂ ಸೋಡವೂ ಒಂದೇ ಡಬ್ಬಿಯಲ್ಲಿ ಮಾತಿಲ್ಲದೆ ಕೂತಿರುತ್ತವೆ. ನೀರು ಸೋಕಿತೋ, ಒಂದರ ಮೇಲೊಂದು ಬಿದ್ದು ಗಾಳಿ ಎಬ್ಬಿಸುತ್ತವೆ. ನಾಲಿಗೆಯ ಮೇಲೆ ಚುರುಚುರು ಅನ್ನುವುದು ಅದೇ ಗಾಳಿ. ಸಾಲದ್ದಕ್ಕೆ ಆ ಜಗಳದಲ್ಲಿ ಅವೇ ಇನ್ನಷ್ಟು ನೀರು ಬಿಡುತ್ತವೆ; ತೇವ ಪಕ್ಕದ ಪುಡಿಗೂ ಹಬ್ಬುತ್ತದೆ. ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಗಂಟುಗಂಟಾದ, ಉಪ್ಪುಪ್ಪಾದ ಸಕ್ಕರೆ.

ಮನೆಗೆ ಬಂದವಳೇ ಸೋಡದ ಮೇಲೆ ನಿಂಬೆಹಣ್ಣು ಹಿಂಡಿದೆ. ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಬಂತು. ಸಿಟ್ರಿಕ್ ಆಸಿಡ್ಡನ್ನು ನೀರಲ್ಲಿ ಕರಗಿಸಿ ಅದಕ್ಕೆ ಸೋಡ ಉದುರಿಸಿದೆ. ಅದೂ ಉಕ್ಕಿತು. ಸಾಮಾನು ಸರಿಯಿದೆ ಅಂದಮೇಲೆ ಕೈವಾಡ ಮನೆಯೊಳಗಿನದೇ ಎಂದುಕೊಂಡೆ. ಮೊದಲ ಸಲ ತುಂಬಿಟ್ಟ ಡಬ್ಬಿಯ ಮುಚ್ಚಳ ತಾನಾಗಿಯೇ ಮೇಲೆದ್ದಿದ್ದು ಆಗ ನೆನಪಾಯಿತು. ಅಂದರೆ ಒಳಗೆ ನೀರು ಹೋಗಿ ಗಾಳಿ ಎದ್ದಿತ್ತು.

ಗಂಡನನ್ನು ಹಿಡಿದೆ. "ನಾನ್ಯಾಕೆ ನಿನ್ ಡಬ್ಬಿ ಮುಟ್ಲಿ? ಹುಳಿ ತಿಂದ್ರೆ ನಂಗೆ ತೇಗು ನಿಲ್ಲಲ್ಲ ಅಂತ ಗೊತ್ತಿಲ್ವಾ?" ಎಂದರು. ನಿಜವೇ.

ಇನ್ನು ಉಳಿದವರು ಅತ್ತೆ. ನಾನು ಇದನ್ನು ಶುರು ಮಾಡಿದ ದಿನವೇ ಅವರು, "ನಮ್ಮನೆ ಸೊಸೆ ಅಂಗಡಿ ಅಂಗಡಿಗೆ ಪುಡಿ ಹೊತ್ಕೊಂಡು ತಿರುಗ್ಬೇಕಾ?" ಎಂದು ಮೂಗು ಮುರಿದಿದ್ದರು. ಆ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಅವರೇ, ಬೇಕಂತಲೇ ಕೆಡಿಸುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಎರಡನೆಯ ಸಲದ ಪುಡಿಯನ್ನು ಅವರು ಮಲಗಿದ್ದಾಗ ಬೆರೆಸಿ, ಡಬ್ಬಿಯನ್ನು ಅಡುಗೆಮನೆಯ ಅಟ್ಟದ ಹತ್ತಿರದ ಎತ್ತರದ ಹಲಗೆಗೆ ಸೇರಿಸಿದೆ. ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಹೋದ ಹಾಗೆ ಮಾಡಿ ಬಚ್ಚಲ ಬಾಗಿಲ ಸಂದಿಯಿಂದ ನೋಡುತ್ತ ನಿಂತೆ.

ಲಿಂಗಪೂಜೆ ಮುಗಿಸಿದ ಅತ್ತೆ ಹಣೆಯ ಮೇಲಿನ ವಿಭೂತಿ ಆರುವ ಮೊದಲೇ ಅಡುಗೆಮನೆಗೆ ಬಂದರು. ಮಂಡಿ ನೋವೆಂದು ನರಳುವವರು ಸ್ಟೂಲ್ ಎಳೆದು ಹತ್ತಿದರು. ಡಬ್ಬಿ ತೆಗೆದು, ಕೈಯಲ್ಲಿದ್ದ ಬಟ್ಟಲಿಗೆ ಬೆರಳದ್ದಿ ಪುಡಿಯ ಮೇಲೆ ನೀರು ಚಿಮುಕಿಸಿದರು. ಸಿಕ್ಕಿದರು ಎಂದು ನುಗ್ಗಿದೆ. ಅಷ್ಟರಲ್ಲಿ ಅವರು ಡಬ್ಬಿಗೆ ಊದುಬತ್ತಿ ಬೆಳಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಏನ್ ಮಾಡ್ತಿದೀರ ಅತ್ತೆ?"

ಅವರು ಬೆಚ್ಚಿದರು. "ಪೇಟೆ ಅಂಗ್ಡೀಲಿ ನಿಮ್ಮಾವ ದಿನಾ ಮಾಡ್ತಿದ್ದಿದ್ದೇ ಕಣೇ. ಬಾಗ್ಲು ತೆಗೆದು ಸರಕಿಗೆ ಪೂಜೆ ನೀರು ಹಾಕ್ದೆ ಬೋಣಿ ಮಾಡ್ತಿರ್ಲಿಲ್ಲ. ನಿಂಗೆ ಅಂಗ್ಡಿ ಇಲ್ವಲ್ಲ, ಡಬ್ಬಿಗೇ ಹಾಕ್ದೆ. ವ್ಯಾಪಾರ ಚೆನ್ನಾಗಾಗ್ಲಿ ಅಂತ."

ಡಬ್ಬಿಯೊಳಗೆ ಪುಡಿ ಸಣ್ಣಗೆ ಬುಸುಗುಟ್ಟುತ್ತಿತ್ತು. ಅತ್ತೆಯ ಕಿವಿ ಮಂದ, ಅವರಿಗೆ ಕೇಳಿಸಲಿಲ್ಲ. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಡಬ್ಬಿ ಇಸಿದುಕೊಂಡು ಒದ್ದೆಯಾದ ಮೇಲುಭಾಗವನ್ನು ಬೇಗ ಬೇಗ ತೆಗೆದೆಸೆದೆ.

"ನಂಗೆ ಹೇಳಿ ಮಾಡ್ಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ? ನೀನು ನನ್ನ ನೋಡೋ ನೋಟ ನಂಗೆ ಗೊತ್ತಾಗಲ್ವಾ?"

ಕಸದ ಬುಟ್ಟಿಗೆ ಬಿದ್ದ ಗಂಟುಗಳನ್ನು ನೋಡಿ ಅವರ ಮುಖ ಇಳಿಯಿತು.

"ಅಂದ್ರೆ ಹೋದ್ಸಲ ಅಂಗಡಿಯೋರು ವಾಪಸ್ ಮಾಡಿದ್ದು ನನ್ನಿಂದಾನಾ?"

"ಇಲ್ಲ ಅತ್ತೆ. ಆ ಸೋಡಾನೇ ಹಳೇದು. ಇನ್ಮೇಲೆ ನೀರು ಡಬ್ಬಿ ಹೊರಗಡೆ ಚಿಮುಕಿಸಿ, ಸಾಕು."

ಅತ್ತೆ ಸ್ಟೂಲಿನ ಮೇಲಿಂದಲೇ ನನ್ನ ಮುಖವನ್ನು ದಿಟ್ಟಿಸಿದರು. ಒಂದು ಮಾತನ್ನೂ ನಂಬಿದಂತೆ ಕಾಣಲಿಲ್ಲ.

"ನಿಜ ಹೇಳು. ನನ್ನಿಂದಾನೇ ಅಲ್ವಾ?"

"ಅಲ್ಲ ಅಂದ್ನಲ್ಲ, ಮೊದ್ಲು ಇಳೀರಿ" ಎಂದು ಗದರಿ, ಕೈ ಚಾಚಿದೆ. ಅವರು ಆ ಕೈಯನ್ನು ಹಿಡಿಯಲು ತುಸು ಯೋಚಿಸಿದರು.