ಏರ್ ರೈಫಲ್ಲಿಗೊಂದು ದೋಸೆ ಕಾವಲಿ

ಮೊದಲನೇ ಗುಂಡು ಹೊಡೆದೆ. ಅದು ವಾಪಸ್ ಬಂತು!

ನಿಜವಾಗಿಯೂ. ಪೆಲೆಟ್ ಅಂದರೆ ಜೋಳದ ಕಾಳಿಗಿಂತ ಚಿಕ್ಕ ಸೀಸದ ಗುಂಡು. ಹತ್ತು ಮೀಟರ್ ಆಚೆ ಗೋಡೆಗೆ ಆನಿಸಿದ್ದ ರಬ್ಬರ್ ಮ್ಯಾಟಿಗೆ ಬಡಿದು, ಬಂದ ದಾರಿಯಲ್ಲೇ ತಿರುಗಿ, ನನ್ನ ಸೇಫ್ಟಿ ಕನ್ನಡಕಕ್ಕೆ ಟಿಕ್ ಎಂದು ತಾಗಿ ಕಾಲ ಬಳಿ ಬಿತ್ತು.

ಮೊದಲು ನಗು ಬಂತು. ಆಮೇಲೆ ಕನ್ನಡಕ ತೆಗೆದು ಗಾಜಿನ ಮೇಲಿನ ಗೀರು ನೋಡಿದೆ... ರೈಫಲ್ಲನ್ನು ಮೆಲ್ಲಗೆ ಕೆಳಗಿಟ್ಟೆ.

ವಡೋದರಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಫ್ಯಾಮಿಲಿ ಎ.ಸಿ. ಹಾಲ್ ಮಾಡುತ್ತೇವೆಂದು ಇಟ್ಟುಕೊಂಡ ಮೇಲಿನ ಉದ್ದನೆಯ ಕೋಣೆ ವರ್ಷಗಳಿಂದ ಖಾಲಿ ಬಿದ್ದಿತ್ತು. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದ ನನಗೆ, ಮಗಳು ಹಾಸ್ಟೆಲಿಗೆ ಹೋದ ಮೇಲೆ ಆ ಹುಚ್ಚು ಮತ್ತೆ ಹತ್ತಿತು. ಸ್ವಂತ ಏರ್ ರೈಫಲ್ ಬಂದಾಯಿತು. ಇನ್ನು ಆ ಕೋಣೆಯಲ್ಲೇ ಗುರಿ ಅಭ್ಯಾಸಕ್ಕೆ ಒಂದು ರೇಂಜ್ ಆಗಬೇಕು.

ತೊಂದರೆ ಏನೆಂದರೆ, ಗೋಡೆಯ ಆಚೆ ಬದಿಗೆ ಕಟ್ಟಡದ ಮಾಲಕಿಯ ಬೆಡ್‌ರೂಮ್. ಅವರನ್ನು ಎಲ್ಲರೂ ‘ಬಾ’ ಎನ್ನುತ್ತಾರೆ, ಗುಜರಾತಿಯಲ್ಲಿ ಅಮ್ಮ ಎಂದರ್ಥ.

ಬಾ ಎರಡು ಶರತ್ತು ಹಾಕಿದ್ದರು. ಗೋಡೆಗೆ ಒಂದು ಗೀರೂ ಬೀಳಬಾರದು, ಅವರ ಮಧ್ಯಾಹ್ನದ ನಿದ್ದೆ ಕೆಡಬಾರದು. ಕೆಟ್ಟರೆ ರೇಂಜ್ ಬಂದ್. ಹೋಟೆಲ್ ಕೆಲಸದ ನಡುವೆ ನನಗೆ ಬಿಡುವು ಸಿಗುವುದೂ ಅದೇ ಮಧ್ಯಾಹ್ನ!

ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ನನಗೆ ಕಲಿಸಿದ ಕೋಚ್ ಇದ್ದಾರೆ. ಅವರಿಗೆ ಫೋನ್ ಮಾಡಿದೆ. ಬೈದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ರಬ್ಬರ್ ಬೇಡ, ಪ್ಲೈವುಡ್ಡೂ ಬೇಡ, ಎರಡೂ ಪೆಲೆಟ್ಟನ್ನು ತಿರುಗಿಸಿ ಕಳಿಸುತ್ತವೆ ಎಂದರು. ದಪ್ಪ ಕಬ್ಬಿಣದ ಹಲಗೆಯನ್ನು, ಮೇಲ್ಭಾಗ ನಮ್ಮ ಕಡೆ ಬಾಗುವಂತೆ ಓರೆಯಾಗಿ ನಿಲ್ಲಿಸಬೇಕು. ಬಡಿದ ಪೆಲೆಟ್ ಜಾರಿ ಕೆಳಗಿನ ಮರಳಿನ ತಟ್ಟೆಗೆ ಬೀಳಬೇಕು.

ದಪ್ಪ ಕಬ್ಬಿಣದ ಹಲಗೆ...

ನನ್ನ ಕಣ್ಣು ಸೀದಾ ಹೋಟೆಲಿನ ಹಳೇ ದೋಸೆ ಕಾವಲಿಯ ಮೇಲೆ ಹೋಯಿತು. ಒಂದು ಮೂಲೆ ವಾಲಿ ಹಿಟ್ಟು ಹರಿದುಹೋಗುತ್ತಿದೆ ಎಂದು ಹಿತ್ತಿಲಲ್ಲಿ ಇಟ್ಟಿದ್ದೆವು.

“ಅದು ಕಾವಲಿ ಮಾರಾಯ್ತಿ! ಅದ್ರ ಮೇಲೆ ಗುಂಡು ಹೊಡಿಯುದಾ?” ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಹೋಟೆಲ್ ಸುರುವಾದ ದಿನದ ಕಾವಲಿ ಅದು.

ಕೊನೆಗೆ ಅವರೇ ಜನ ಸೇರಿಸಿ ಹೊರಿಸಿದರು. ಓರೆಯಾಗಿ ನಿಲ್ಲಿಸಿದ ಮೇಲೆ, ಅಭ್ಯಾಸಬಲ ನೋಡಿ, ಅರ್ಧ ಈರುಳ್ಳಿ ತಂದು ಉಜ್ಜಿದರು!

ಹೊಡೆದೆ. ಪೆಲೆಟ್ ಅಚ್ಚುಕಟ್ಟಾಗಿ ಮರಳಿಗೆ ಬಿತ್ತು. ಆದರೆ ಶಬ್ದ? ಠಣ್! ದೇವಸ್ಥಾನದ ಗಂಟೆ ಹೊಡೆದ ಹಾಗೆ.

ಪುಣ್ಯಕ್ಕೆ ಅದು ಬಾ ಮಲಗುವ ಹೊತ್ತಲ್ಲ. ಆದರೂ ಗೋಡೆಯಾಚೆಯಿಂದ ಕೂಗಿದರು. “ಕೋಣ್ ಛೇ?”

ಯಾರದು ಎಂದು ಕೇಳಿದ್ದು ಅಷ್ಟೆ. ನಮ್ಮವರು ಮೆಲ್ಲಗೆ, “ಕೋಣ ಇಲ್ಲೇ ಉಂಟಲ್ಲ, ಬಂದೂಕು ಹಿಡ್ಕೊಂಡು” ಎಂದರು. ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನೆಲದ ಮೇಲೆ ಕೂತು ನಕ್ಕೆವು.

ಶಬ್ದ ನುಂಗುವಂಥದ್ದು ಬೇಕಲ್ಲ. ಸೂರತ್‌ನಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. “ಅಕ್ಕಾ, ಇಲ್ಲಿ ಸೀರೆ ಕತ್ತರಿಸಿದ ಚಿಂದಿ ಬೇಕಾದಷ್ಟು ಸಿಕ್ತದೆ” ಎಂದವಳು ಬಸ್ಸಿಗೆ ಮೂಟೆಯನ್ನೇ ಹಾಕಿಬಿಟ್ಟಳು.

ಬಿಚ್ಚಿದರೆ ಗುಲಾಬಿ, ಗಿಳಿಹಸಿರು, ಮಿಣಮಿಣ ಜರಿ... ಮದುವೆ ಮನೆಯೇ!

ಅಗಲವಾದ ಪೆಟ್ಟಿಗೆಯೊಂದನ್ನು ಮಾಡಿಸಿ ಅದರಲ್ಲಿ ಚಿಂದಿಯನ್ನು ಒತ್ತಿ ಒತ್ತಿ ತುಂಬಿ, ಮುಂದೆ ರಟ್ಟು ಹೊಡೆದು, ಕಾವಲಿಯ ಎದುರಿಗೆ ಇಟ್ಟೆವು. ಕಾವಲಿಗೂ ಗೋಡೆಗೂ ನಡುವೆ ಹಳೇ ಹಾಸಿಗೆ.

ಇನ್ನು ಪರೀಕ್ಷೆ. ಇಡ್ಲಿ ಕೊಡುವ ನೆಪದಲ್ಲಿ ಯಜಮಾನರು ಬಾ ಮನೆಗೆ ಹೋಗಿ ಜಗಲಿಯ ತೂಗುಮಣೆಯ ಮೇಲೆ ಕೂತರು. ಬಾ ಮಲಗಿದ ಮೇಲೆ ನನಗೆ ಮೆಸೇಜ್ ಬಂತು.

ಬಾಗಿಲಿಗೆ ಚಿಲಕ ಹಾಕಿದೆ. ಕನ್ನಡಕ ಹಾಕಿದೆ. ಉಸಿರು ಬಿಗಿಹಿಡಿದು ಹೊಡೆದೆ. ಪುಸ್ ಎಂದು ರೈಫಲ್ಲಿನ ಗಾಳಿ, ಆಚೆ ‘ಧಪ್’, ದಿಂಬಿಗೆ ಗುದ್ದಿದ ಹಾಗೆ. ಇನ್ನೊಂದು. ಮತ್ತೊಂದು. ಒಂದೂ ವಾಪಸ್ ಬರಲಿಲ್ಲ!

ಅಷ್ಟರಲ್ಲಿ ಮೊಬೈಲ್ ಮಿನುಗಿತು. “ಎಂತ ಮಾರಾಯ್ತಿ, ಹೊಡಿಯುದಿಲ್ವಾ? ನಂಗೂ ನಿದ್ದೆ ಬರ್ತಾ ಉಂಟು.”

ಅಯ್ಯೋ, ನಾನು ಆ ಖಾಲಿ ಹಾಲಿನಲ್ಲಿ ಒಬ್ಬಳೇ ಕುಣಿದೆ. ಸುಳ್ಳಲ್ಲ, ನಿಜವಾಗಿ ಕುಣಿದೆ.

ಸಂಜೆ ಬಾ ಟಾರ್ಚ್ ಹಿಡಿದು ಬಂದರು. ಹಾಸಿಗೆ ಸರಿಸಿ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದರು. ಏನೂ ಇಲ್ಲ. ನನ್ನನ್ನು ನೋಡಿದರು, ರೈಫಲ್ ನೋಡಿದರು.

“ಹುಂ ಪಣ್ ಮಾರೀಶ್.” ನಾನೂ ಹೊಡೀತೇನೆ!

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕನ್ನಡಕ ಹಾಕಿಸಿ, ಮೇಜಿನ ಮೇಲೆ ರೈಫಲ್ ಆನಿಸಿ, ಪಕ್ಕದಲ್ಲೇ ನಿಂತು ಹೇಳಿಕೊಟ್ಟೆ. ಗುರಿಯ ಕಾಗದ ಎಲ್ಲೋ, ಪೆಲೆಟ್ ಎಲ್ಲೋ. ರಟ್ಟಿನ ಮೂಲೆಯಲ್ಲಿ ತೂತಾಗಿತ್ತು.

ಬಾ ಮಗುವಿನ ಹಾಗೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾಗಿ, “ನಾಳೆಯಿಂದ ಮಧ್ಯಾಹ್ನ ಮಲಗೋದು ಬೇಡ ಅಂದ್ಕೊಂಡಿದೀನಿ” ಎಂದು ಹಿಂದಿಯಲ್ಲಿ ಹೇಳಿದರು.

ಈಗ ಯಾರ ಮನೆಗೆ ಹೋದರೂ ನನ್ನ ಕಣ್ಣು ಹಾಲಿನ ಉದ್ದವನ್ನೇ ಅಳೆಯುತ್ತದೆ... ನಿಮ್ಮ ಮನೆಯಲ್ಲಿ ಹತ್ತು ಮೀಟರ್ ಸಿಗುತ್ತದಾ?