ಗಣಪಿ ಬರೆಸಿದ ಕಾಗದ

ಆಫ್ರಿಕಾದ ತಾಂಜಾನಿಯಾ ದೇಶದ ಒಂದು ಹಳ್ಳಿಯಲ್ಲಿ ಗಣಪಿ ಎಂಬ ಹೆಸರಿನ ಹೆಣ್ಣುಮಗು ಇತ್ತು. ಆ ಹೆಸರು ಹೋದದ್ದು ಹೊನ್ನಾವರ ತಾಲೂಕಿನ ಕರ್ಕಿಯಿಂದ, ನಮ್ಮ ಹಿತ್ತಿಲ ಬೇಲಿ ದಾಟಿದರೆ ಸಿಗುವ ಮನೆಯ ಗಣಪಿಯಿಂದ. ಆ ಮಗುವಿಗೆ ತನ್ನ ಹೆಸರು ಸಲ್ಲುವುದಿಲ್ಲ, ಯಾಕೆ ಸಲ್ಲುವುದಿಲ್ಲ ಎಂಬುದು ಮಗುವಿನ ಅಜ್ಜಿಗೆ ತಿಳಿಯಬೇಕು ಎಂದು ಗಣಪಿ ತಿಂಗಳುಗಟ್ಟಲೆ ಕಾದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವಳು ಅದನ್ನು ದೊಡ್ಡ ಮಾತಾಗಿ ಹೇಳಲಿಲ್ಲ. "ಒಂದು ಕಾಗದ ಬರೆಸೂದು ಉಂಟು" ಎಂದಳು, ಅಷ್ಟೆ.

ಗಣಪಿಯ ಗಂಡ ಸಣ್ಣ ಎಂಬವನು ತೆಂಗಿನಮರ ಹತ್ತುವವನು. ಒಂದು ಮಳೆಗಾಲದಲ್ಲಿ ಮರದಿಂದ ಬಿದ್ದು ತೀರಿಹೋದ. ಆಗ ಗಣಪಿಗೆ ಇಪ್ಪತ್ತಾರು, ಮಗ ದಿನಕರನಿಗೆ ಐದು. ಹೊನ್ನಾವರದ ಅಂಚಿನಲ್ಲಿ ಕ್ರಿಶ್ಚಿಯನ್ ಸಿಸ್ಟರುಗಳು ನಡೆಸುವ ಒಂದು ಆಸ್ಪತ್ರೆ ಇತ್ತು. ಅಲ್ಲಿ ಹೆರಿಗೆ ವಾರ್ಡಿನ ಆಯಾ ಆಗಿ ಸೇರಿದಳು. ನೋವು ತಿನ್ನುವವರ ಸೊಂಟ ಹಿಡಿದು ಜಗಲಿಯಲ್ಲಿ ನಡೆಸುವುದು, ಹುಟ್ಟಿದ ಮಗುವನ್ನು ಒರೆಸಿ ಸುತ್ತುವುದು, ರಕ್ತದ ಬಟ್ಟೆ ಒಗೆಯುವುದು. ಹತ್ತೊಂಬತ್ತು ವರ್ಷ ಅದೇ ಕೆಲಸ. ದಿನಕರ ದೊಡ್ಡವನಾಗಿ ಮುರ್ಡೇಶ್ವರದ ಹೋಟೆಲಿಗೆ ಸೇರಿ ಅಲ್ಲೇ ಸಂಸಾರ ಹೂಡಿದ.

ಆ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ನರ್ಸಮ್ಮ ಬಂದು ಬಾಣಂತಿಯ ತಲೆಯ ಹತ್ತಿರ ನೀರಿನ ತಂಬಿಗೆ ಇಟ್ಟು, "ಚೆನ್ನಾಗಿ ಕುಡಿ" ಎಂದು ಹೇಳಿ ಹೋಗುತ್ತಿದ್ದಳು. ಅವಳು ಬಾಗಿಲು ದಾಟಿದ ಕೂಡಲೇ ತಂಬಿಗೆ ಮಂಚದ ಅಡಿಗೆ ಹೋಗುತ್ತಿತ್ತು. ಹಸಿ ಬಾಣಂತಿ ನೀರು ಕುಡಿದರೆ ಮೈ ಬಾಯುತ್ತದೆ, ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಥಂಡಿ ಆಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಕಾಳುಮೆಣಸಿನ ಕಷಾಯ, ಅದೂ ಅರ್ಧ ಲೋಟ, ಬಾಯಿ ಒಣಗಿದರೆ ಒದ್ದೆ ಬಟ್ಟೆ. ಅತ್ತೆಯಂದಿರು, ತಾಯಂದಿರು ಮಾಡುತ್ತಿದ್ದದ್ದೂ ಇದೇ, ಗಣಪಿ ಅವರಿಗೆ ಒತ್ತಾಸೆಯಾಗಿ ಮಾಡುತ್ತಿದ್ದದ್ದೂ ಇದೇ. ಯಾರೂ ಸತ್ತಿರಲಿಲ್ಲ.

ಸಿಸ್ಟರ್ ಸೆವ್ರಿನ್ ಎಂಬವರು ಕುಮಟೆಯ ಕಡೆಯವರು. ಮೊದಲು ಇದೇ ಆಸ್ಪತ್ರೆಯಲ್ಲಿದ್ದು ಆಮೇಲೆ ಅವರ ಮಠದ ಕಡೆಯಿಂದ ತಾಂಜಾನಿಯಾಕ್ಕೆ ಹೋದವರು. ಎರಡು ಸಾವಿರದ ಒಂದರಲ್ಲಿ ರಜೆಗೆಂದು ಬಂದಾಗ, ಅಲ್ಲಿಯ ಬಡ ಹಳ್ಳಿಯೊಂದರಲ್ಲಿ ದವಾಖಾನೆ ನಡೆಸುತ್ತಿದ್ದೇನೆ, ಹೆಂಗಸರು ಹತ್ತಾರು ಮೈಲಿ ನಡೆದು ಬರುತ್ತಾರೆ, ಕೈಗೆ ಸಹಾಯ ಇಲ್ಲ, ಒಂದು ವರ್ಷದ ಮಟ್ಟಿಗೆ ಯಾರಾದರೂ ಬಂದರೆ ಊಟ ವಸತಿ ಇದೆ, ಸಂಬಳ ಇಲ್ಲ ಎಂದರು. ನರ್ಸುಗಳೆಲ್ಲ ಸೌದಿ, ಕುವೈತ್ ಎಂದು ಅರ್ಜಿ ಹಾಕಿ ಕೂತ ಕಾಲ ಅದು. ಯಾರೂ ಬಾಯಿ ಬಿಡಲಿಲ್ಲ. ನೆಲ ಒರೆಸುತ್ತಿದ್ದ ಗಣಪಿ ಕೇಳಿದಳಂತೆ, "ನಾ ಬಂದ್ರೆ ಅಡ್ಡಿ ಇಲ್ವಾ ಸಿಸ್ಟರ್? ನಾ ನಿಮ್ಮ ಪೈಕಿ ಅಲ್ಲ."

"ಇಗರ್ಜಿಗೆ ಕರ್ಕೊಂಡು ಹೋಗೋಕಲ್ಲ ನಾನು ಕರೀತಿರೋದು" ಎಂದರಂತೆ ಸಿಸ್ಟರ್.

ಪಾಸ್‌ಪೋರ್ಟಿಗೆ ವಿಚಾರಣೆ ಮಾಡಲು ಪೊಲೀಸಿನವನು ಮನೆಗೆ ಬಂದಾಗ ಕೇರಿಯೆಲ್ಲ ಅಂಗಳದಲ್ಲಿ ಸೇರಿತ್ತು.

"ಎಂತ ಕೆಲ್ಸ ಅಲ್ಲಿ?" ಎಂದು ಕೇಳಿದ ಅವನು.

"ಬಾಣಂತಿ ನೋಡೂಕೆ."

"ಇಲ್ಲಿ ಬಾಣಂತಿಯರು ಮುಗಿದ್ರಾ?"

ಎಲ್ಲರೂ ನಕ್ಕರು. ಪಕ್ಕದ ಮನೆಯ ದೇವಿ ಸುಮ್ಮನಿರುವವಳಲ್ಲ. "ನಮ್ಮ ದೇವ್ರು ಸಾಕಾಗ್ಲಿಲ್ವನೇ ಮಾರಾಯ್ತಿ? ಬರೂವಾಗ ಮೇರಿ ಅಂತ ಹೆಸ್ರು ಇಟ್ಕೊಂಡು ಬತ್ಯಾ?" ಎಂದಳು.

"ನಿನ್ನ ಹೆಸ್ರು ಇಟ್ಕೊಂಡು ಬತ್ತೆ. ಅಲ್ಲಿಯವ್ರು ಹೆದ್ರಲಿ" ಎಂದಳು ಗಣಪಿ. ದೇವಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು, ಮತ್ತೆ ಹೊರಡುವ ದಿನ ಕಾಳುಮೆಣಸು, ಜೀರಿಗೆ ಪೊಟ್ಟಣ ಕಟ್ಟಿ ಕೊಟ್ಟಳು.

ಒಂದು ವರ್ಷಕ್ಕೆ ಸರಿಯಾಗಿ ಹಿಂದೆ ಬಂದಳು. ಸ್ವಲ್ಪ ಕಪ್ಪಾಗಿದ್ದಳು, ಸೊರಗಿದ್ದಳು. ಮಕ್ಕಳು ಸುತ್ತುವರಿದು, "ಸಿಂಹ ಕಂಡ್ಯಾ?" ಎಂದರೆ, "ಇಲ್ಲ, ಕೋಳಿ ಕಂಡೆ" ಎಂದಳು. ಮಾರನೇ ವಾರದಿಂದ ವಾರ್ಡಿಗೆ ಹೋಗತೊಡಗಿದಳು. ಕೇರಿಯವರು ಆಫ್ರಿಕಾ ಗಣಪಿ ಎಂದು ಕರೆದರೆ ಓಗೊಡುತ್ತಿದ್ದಳು. ಏನೋ ಆಗಿದೆ ಎಂದು ನನಗೆ ಅನ್ನಿಸಿದ್ದು ಅವಳು ಊಟ ಮಾಡುವುದನ್ನು ನೋಡಿ. ತಟ್ಟೆಯಲ್ಲಿ ಇದ್ದದ್ದನ್ನು ಒಂದೇ ಸಮನೆ ತಿಂದು ಮುಗಿಸುತ್ತಿದ್ದಳು. ಬಾಯಲ್ಲಿದ್ದ ಮೀನು ಯಾವುದು ಎಂದು ಕೇಳಿದರೆ ತಟ್ಟೆ ನೋಡಿ ಹೇಳುತ್ತಿದ್ದಳು.

ಅಲ್ಲಿ ನಡೆದದ್ದನ್ನು ಹೇಳಿದ್ದು ಬಂದು ಮೂರು ತಿಂಗಳಾದ ಮೇಲೆ. ನಾನು ಹೆಚ್ಚು ಓದಿದವಳಲ್ಲ, ಆದರೂ ಕೇರಿಯ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ದಿನ ದೀಪ ಹಚ್ಚಿದ ಮೇಲೆ ಗಣಪಿ ಬಂದು ನಮ್ಮ ದೇವರ ಕೋಣೆಯ ಹೊಸ್ತಿಲ ಈಚೆ ಕೂತಳು. ಗೋಡೆ ನೋಡುತ್ತಾ ಹೇಳಿದಳು.

ಅಲ್ಲಿಯ ಮಣ್ಣು ನಮ್ಮ ಕಡೆಯ ಹಾಗೇ ಕೆಂಪು, ಆದರೆ ಒಣ. ತಗಡಿನ ಮಾಡಿನ ಮೂರು ಕೋಣೆಯ ದವಾಖಾನೆ. ರೋಗಿಯ ಕಡೆಯವರು ಹೊರಗೆ ಮರದ ಅಡಿ ಒಲೆ ಹೂಡಿ ಬೇಯಿಸಿಕೊಳ್ಳಬೇಕು. ಅಲ್ಲಿ ಹೆಂಗಸನ್ನು ಅವಳ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಮಗಳು ತತು ಆದರೆ ತಾಯಿ ಮಾಮಾ ತತು. ಗಣಪಿ ಹೋದ ನಾಲ್ಕನೇ ತಿಂಗಳಿಗೆ ಮಾಮಾ ತತು ತನ್ನ ಮಗಳನ್ನು ಹೊರಿಸಿಕೊಂಡು ಬಂದಳು. ತತುಗೆ ಇಪ್ಪತ್ತು ವರ್ಷ ಇರಬಹುದು. ಮನೆಯಲ್ಲೇ ಹೆತ್ತು, ರಕ್ತ ಬಹಳ ಹೋಗಿ, ಎರಡನೇ ದಿನಕ್ಕೆ ಜ್ವರ ಏರಿತ್ತು. ಮಗು ಗಟ್ಟಿಯಾಗಿತ್ತು.

ಡಾಕ್ಟರು ಇಲ್ಲ. ಸಿಸ್ಟರ್ ಸೆವ್ರಿನ್ ಇಂಜೆಕ್ಷನ್ ಕೊಟ್ಟು, ಇದ್ದ ಒಂದೇ ಸಲೈನ್ ಬಾಟಲಿ ಹಾಕಿದರು. ಹೆಚ್ಚಿನ ಮದ್ದು ಪೇಟೆಯಿಂದ ತರಬೇಕು, ಜೀಪಿನಲ್ಲಿ ನಾಲ್ಕು ತಾಸು. ಬೆಳಿಗ್ಗೆ ಹೊರಡುವಾಗ ಗಣಪಿಗೆ ಹೇಳಿದರು, "ಬಾಟಲಿ ಮುಗಿದ ಮೇಲೆ ಬಾಯಿಂದ ಕುಡಿಸ್ತಾ ಇರು. ಎಷ್ಟು ಕುಡೀತಾಳೋ ಅಷ್ಟು."

"ಆತು" ಎಂದಳು ಗಣಪಿ.

"ನಂಗೆ ಕೇಳಿತ್ತು" ಎಂದಳು ನನ್ನ ಹತ್ತಿರ. "ಹತ್ತೊಂಬತ್ತು ವರ್ಷ ಇಲ್ಲಿ ಕೇಳಿದ ಹಾಗೇ ಅಲ್ಲೂ ಕೇಳಿತ್ತು."

ಬಾಟಲಿ ಮುಗಿಯಿತು. ದೇವಿ ಕೊಟ್ಟ ಕಾಳುಮೆಣಸು ಕುಟ್ಟಿ ಕಷಾಯ ಕಾಯಿಸಿದಳು. ಎರಡೆರಡು ಚಮಚ ಬಾಯಿಗೆ ಬಿಟ್ಟಳು. ತತು ಮಾಜಿ, ಮಾಜಿ ಎಂದಳು. ಮಾಜಿ ಎಂದರೆ ನೀರು. ಗಣಪಿ ಆ ಊರಿನಲ್ಲಿ ಮೊದಲು ಕಲಿತ ಮಾತೇ ಅದು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ತತು ಬಟ್ಟೆಯನ್ನು ಹಲ್ಲಿನಲ್ಲಿ ಹಿಡಿದು ಚೀಪಿದಳು. ಗಣಪಿ ಮೆಲ್ಲನೆ ಬಿಡಿಸಿಕೊಂಡಳು. ಮಧ್ಯಾಹ್ನ ಮಾಮಾ ತತು ಹೊರಗಿನಿಂದ ದೊಡ್ಡ ಲೋಟದಲ್ಲಿ ನೀರು ತಂದಳು. ಗಣಪಿ ಎದ್ದು ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. ಬೇಡ ಎಂದು ತಲೆ ಆಡಿಸಿದಳು. ಬಿಳಿ ಸೀರೆಯ, ಸಿಸ್ಟರ ಕಡೆಯ ಹೆಂಗಸು ಬೇಡ ಅಂದಮೇಲೆ ಅದು ಮದ್ದಿನ ಮಾತು ಎಂದುಕೊಂಡಳು ಆ ತಾಯಿ. ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಹೊರಗೆ ಹೋಗಿ ಚೆಲ್ಲಿದಳು.

ಮೂರು ಗಂಟೆಯ ಸುಮಾರಿಗೆ ತತು ಸತ್ತಳು.

"ಅಳು ಬರ್ಲಿಲ್ಲ" ಎಂದಳು ಗಣಪಿ. "ಕೈಲಿ ಚಮಚ ಇತ್ತು. ಅದನ್ನ ತೊಳೆದಿಟ್ಟೆ. ಬಟ್ಲು ತೊಳೆದಿಟ್ಟೆ. ಮಗುವಿನ ಬಟ್ಟೆ ಬದಲಿಸಿದೆ."

ಸಂಜೆ ಸಿಸ್ಟರ್ ಬಂದು, "ಕುಡಿಸಿದ್ಯಾ?" ಎಂದು ಕೇಳಿದರು. "ಹೌದು" ಎಂದಳು.

ನಂಜು ಏರಿತ್ತು, ತಡವಾಗಿ ತಂದರು ಎಂದು ಸಿಸ್ಟರ್ ಮಾಮಾ ತತುಗೆ ಹೇಳಿದರು. ಮಾಮಾ ತತು ಗಣಪಿಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ದಿನವಿಡೀ ಮಗಳ ಹತ್ತಿರದಿಂದ ಏಳದೆ ಕೂತವಳು ಇವಳೊಬ್ಬಳೇ ಎಂದು ಬಂದವರಿಗೆಲ್ಲ ಹೇಳಿದಳು. ನಲವತ್ತು ದಿನ ಕಳೆದ ಮೇಲೆ ಮಗುವನ್ನು ಎತ್ತಿಕೊಂಡು, ಎರಡು ಮೊಟ್ಟೆ ಹಿಡಿದು ಬಂದಳು. ಮಗುವಿಗೆ ಗಣಪಿ ಎಂದು ಹೆಸರು ಇಟ್ಟಾಗಿತ್ತು. ಸಿಸ್ಟರ್ ರಿಜಿಸ್ಟರಿನಲ್ಲಿ ಬರೆದುಕೊಂಡರು. ಗಣಪಿ ಮೊಟ್ಟೆ ತೆಗೆದುಕೊಂಡಳು. ಆಮೇಲೆ ತಾನು ಹೊರಡುವವರೆಗೆ ಪ್ರತಿ ತಿಂಗಳೂ ಆ ಮಗುವನ್ನು ತಕ್ಕಡಿಗೆ ಇಟ್ಟು ತೂಗಿದ್ದು ಇವಳೇ.

ಗರ್ಭಿಣಿಯರಿಗೆ ಸಿಸ್ಟರ್ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರು. ಒಂದು ಚಿತ್ರದಲ್ಲಿ ಹೆತ್ತವಳು ಮಲಗಿದ್ದಾಳೆ, ತಲೆಯ ಹತ್ತಿರ ಕೊಡ. ಕೊಡದಿಂದ ಲೋಟಕ್ಕೆ, ಲೋಟದಿಂದ ಬಾಯಿಗೆ. ಗಣಪಿ ಹಿಂದೆ ಕೂತು ಪ್ರತಿ ಗುರುವಾರ ಆ ಚಿತ್ರ ನೋಡುತ್ತಿದ್ದಳು.

"ಸಿಸ್ಟರಿಗೆ ಆಗ್ಲೇ ಹೇಳೂಕೆ ಆಗ್ಲಿಲ್ವಾ?" ಎಂದೆ ಕೊನೆಗೆ.

"ಹೇಳ್ತಿದ್ದೆ. ದಿನಾ ಒಂದು ಹೆರಿಗೆ ಬರ್ತಿತ್ತು. ಕೆಲ್ಸ ಇತ್ತು" ಎಂದಳು. ಎದ್ದು ಸೆರಗು ಕೊಡವಿ, "ಇಲ್ಲ. ಹೇಳೂಕೆ ಆಗ್ಲಿಲ್ಲ" ಎಂದಳು.

ಆ ರಾತ್ರಿಯಲ್ಲ, ಮಾರನೇ ದಿನ ಅಂಚೆ ಕಚೇರಿಯಿಂದ ಹೊರದೇಶದ ನೀಲಿ ಕಾಗದ ತಂದುಕೊಟ್ಟಳು. ಅವಳು ಹೇಳಿದ ಹಾಗೇ ಬರೆದೆ. ಸಿಸ್ಟರ್ ಸೆವ್ರಿನ್‌ಗೆ ಕನ್ನಡ ಬರುತ್ತದೆ, ಅವರು ಓದಿ ಅಲ್ಲಿಯ ಮಾತಿನಲ್ಲಿ ಮಾಮಾ ತತುಗೆ ಹೇಳಬೇಕು. ಕಷಾಯ, ಚಮಚ, ಬಾಗಿಲಲ್ಲಿ ಕೈ ಅಡ್ಡ ಹಿಡಿದದ್ದು, ಸಿಸ್ಟರಿಗೆ ಸುಳ್ಳು ಹೇಳಿದ್ದು, ಎಲ್ಲ ಬರೆಸಿದಳು. ಮಗುವಿನಿಂದ ನನ್ನ ಹೆಸರು ತೆಗೆಯಿರಿ ಎಂದು ಕೊನೆಗೆ. ಕ್ಷಮಿಸಿ ಎಂದು ಸೇರಿಸಲಾ ಎಂದು ಕೇಳಿದೆ. "ಬೇಡ. ಅದು ಕೇಳೂಕೆ ಬರೆಸೂದಲ್ಲ" ಎಂದಳು.

ಎರಡು ತಿಂಗಳಿಗೆ ಉತ್ತರ ಬಂತು. ಸಿಸ್ಟರ ಅಕ್ಷರ ದುಂಡಗೆ, ಚೆಂದ.

"ಗಣಪಿ, ನೀರು ಕುಡಿಸಿದ್ದರೆ ಅವಳು ಉಳಿಯುತ್ತಿದ್ದಳು ಎಂದು ನಾನು ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ. ನಿನ್ನನ್ನು ಒಬ್ಬಳೇ ಬಿಟ್ಟು ಹೋದವಳು ನಾನು. ಕಾಗದವನ್ನು ಆ ಮುದುಕಿಗೆ ಓದಿ ಹೇಳಿಲ್ಲ. ಮಗುವನ್ನು ನಿನ್ನ ಹೆಸರು ಹಿಡಿದು ಕರೆಯುವಾಗ ಅವಳ ಮುಖ ನೋಡಬೇಕು ನೀನು. ಅವಳಿಗೆ ಉಳಿದದ್ದು ಅಷ್ಟೇ. ಅದನ್ನು ಯಾಕೆ ಕಿತ್ತುಕೊಳ್ಳಬೇಕು? ನಿನ್ನ ದೇವರಿಗೆ ಹೇಳು, ನಾನು ನನ್ನ ದೇವರಿಗೆ ಹೇಳುತ್ತೇನೆ. ಸಾಕು."

ನನಗೆ ಅದು ಸರಿ ಎಂದೇ ಕಂಡಿತು. ಹಾಗೇ ಹೇಳಿದೆ. ಗಣಪಿ ಕಾಗದ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಹತ್ತು ದಿನ ಬಿಟ್ಟು ಮತ್ತೊಂದು ನೀಲಿ ಕಾಗದ ಹಿಡಿದು ಬಂದಳು. ಅವತ್ತು ವಾರ್ಡಿನಲ್ಲಿ ಬೆಳಕೆ ಊರಿನ ಒಬ್ಬ ಬಾಣಂತಿಯ ಅತ್ತೆಯ ಜೊತೆ ಜಗಳ ಆಗಿತ್ತು. ಮಂಚದ ಅಡಿಗೆ ಹೋದ ತಂಬಿಗೆಯನ್ನು ಗಣಪಿ ಮೇಲೆ ಇಟ್ಟಿದ್ದಳಂತೆ. "ಆಫ್ರಿಕಾಕ್ಕೆ ಹೋಗಿ ಬಂದದ್ದೇ ನಮ್ಮ ಮನೆ ಬಾಣಂತಿಯ ಕೊಲ್ಲೂಕೆ ನಿಂತ್ಯನೇ?" ಎಂದು ಆ ಅತ್ತೆ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದ್ದಳಂತೆ. ಬಾಣಂತಿ ಕುಡಿದು ಮುಗಿಸುವವರೆಗೆ ಗಣಪಿ ತಂಬಿಗೆ ಹಿಡಿದು ನಿಂತಿದ್ದಳು. ಇದನ್ನೂ ಗೋಡೆ ನೋಡಿಕೊಂಡೇ ಹೇಳಿದಳು.

"ಬರೆಯೂಕೆ ನಿಂಗೆ ಬೇಜಾರಾದ್ರೆ ಹೇಳು. ಶಾಲೆ ಮಾಸ್ತರ ಹತ್ರ ಹೋತೆ" ಎಂದಳು.

ಬರೆದೆ. ಈ ಸಲ ನಾಲ್ಕೇ ಸಾಲು. "ಸಿಸ್ಟರ್, ಓದಿ ಹೇಳಿ. ದೇವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಮಾಮಾ ತತುಗೆ. ನೀರು ತಂದದ್ದು ಅವಳು."

ಏಪ್ರಿಲ್ ಹೋಯಿತು, ಮಳೆ ಹಿಡಿಯಿತು. ಗಣಪಿ ಡ್ಯೂಟಿಯಿಂದ ಬರುವಾಗ ಪೋಸ್ಟ್‌ಮ್ಯಾನ್ ಹಮ್ಮನನ್ನು ಕೇಳುತ್ತಿದ್ದಳು. "ಬಂದ್ರೆ ನಾನೇ ಆಸ್ಪತ್ರೆಗೆ ತಂದುಕೊಡ್ತೆ, ದಿನಾ ಎಂತಕೆ ಕೇಳ್ತೆ? ನಿನ್ನ ನೋಡಿ ನಂಗೂ ಕನಸಲ್ಲಿ ನೀಲಿ ಕಾಗದ ಬೀಳ್ತದೆ" ಎಂದ ಅವನು ಒಂದು ದಿನ. ಆಮೇಲೆ ಕೇಳುವುದನ್ನು ಬಿಟ್ಟಳು. ಅವನ ಸೈಕಲ್ ಕಂಡಾಗ ನಿಲ್ಲುತ್ತಿದ್ದಳು, ಅಷ್ಟೆ.

ಉತ್ತರ ಬಂದದ್ದು ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ. ಒಡೆಯದೆ ನನ್ನ ಕೈಗೆ ಕೊಟ್ಟಳು. ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಓದಿದೆ.

"ಗಣಪಿ, ನಿನ್ನ ಎರಡೂ ಕಾಗದಗಳನ್ನು ಮಾಮಾ ತತುಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ಕೈ ಅಡ್ಡ ಹಿಡಿದದ್ದನ್ನು ಇನ್ನೊಮ್ಮೆ ಹೇಳು ಎಂದಳು, ಹೇಳಿದೆ. ಎದ್ದು ಹೋದಳು. ಆಮೇಲೆ ಎರಡು ವಾರ ಬರಲಿಲ್ಲ. ಕಳೆದ ಗುರುವಾರ ಮಗುವನ್ನು ತೂಕಕ್ಕೆ ತಂದಳು. ರಿಜಿಸ್ಟರ್ ನೋಡಿ ಗಣಪಿ ಎಂದು ಕರೆದೆ. ಅವಳು ತತು ಎಂದಳು. ನಾನು ಹೊಡೆದುಹಾಕಿ ತತು ಎಂದು ಬರೆದೆ. ಬೇರೇನೂ ಹೇಳಲಿಲ್ಲ. ಇಲ್ಲಿ ಮಳೆ ಇನ್ನೂ ಬಂದಿಲ್ಲ. ದೇವರು ನಿನ್ನ ಜೊತೆ ಇರಲಿ."

ನಾನು ಕಾಗದ ಮಡಿಸಿದೆ. ಕೂತ್ಕೋ ಎಂದೆ. ಅವಳು ಕೂರಲಿಲ್ಲ.

"ಆತು" ಎಂದಳು. ಮೆಟ್ಟಿಲು ಇಳಿದವಳು ತಿರುಗಿ, "ತೂಕ ಬರ್ದಿದಾರಾ?" ಎಂದು ಕೇಳಿದಳು.

ಕಾಗದ ಬಿಚ್ಚಿ ನೋಡಿದೆ. ಅಂಚಿನಲ್ಲಿ ಸಣ್ಣದಾಗಿ ಬರೆದಿತ್ತು. "ಒಂಬತ್ತು ಕಿಲೋ ಎಂಟುನೂರು."

"ಒಂದೂವರೆ ವರ್ಷಕ್ಕೆ ಅಡ್ಡಿ ಇಲ್ಲ" ಎಂದಳು ಗಣಪಿ. ಛತ್ರಿ ಬಿಡಿಸಿಕೊಂಡು ಬಸ್ಸಿಗೆ ಹೋದಳು. ಅವತ್ತು ಅವಳಿಗೆ ಮಧ್ಯಾಹ್ನದ ಡ್ಯೂಟಿ.